ಹಳೆಯ ಮೋಟಾರಿನ ಒಂದು ದಿನದ ಸಂಚಾರ

ಉಡುಪಿಯ ರಥಬೀದಿಯನ್ನು ಇಂಗ್ಲಿಷಿನಲ್ಲಿ ‘ಕಾರ್ ಸ್ಟ್ರೀಟ್’ ಎಂದು ಬರೆಯುವುದು ಹಿಂದಿನಿಂದ ಬಂದ ವಾಡಿಕೆ. ಮಂಗಳೂರಿನ ರಥಬೀದಿಗೂ ಅದೇ ಹೆಸರು. ಹೊಸಬರು ಇದನ್ನು ಕಾರು ನಿಲ್ಲಿಸುವ ಬೀದಿಯೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಈ ಹೆಸರಿನಲ್ಲಿರುವ ಕಾರು ಮೋಟಾರು ಕಾರಲ್ಲ, ದೇವರ ತೇರು. ಗಾಲಿಯ ಮೇಲೆ ಉರುಳುವ ಯಾವ ವಾಹನಕ್ಕೂ ಇಂಗ್ಲಿಷಿನಲ್ಲಿ ಆ ಮಾತು ಒಪ್ಪುತ್ತಿತ್ತು; ರಥವನ್ನು ಕಂಡ ಆಂಗ್ಲರು ಅದನ್ನೂ ಕಾರೆಂದೇ ಕರೆದರು. ಎಣ್ಣೆಯಿಂದ ಓಡುವ ಯಂತ್ರ ಹುಟ್ಟಿದ್ದು ಆಮೇಲೆ. ಅದು ಬಂದು ಆ ಮಾತನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿತು. ರಥಬೀದಿಯ ಹೆಸರಿನಲ್ಲಿ ಮಾತ್ರ ಹಳೆಯ ಅರ್ಥ ಉಳಿಯಿತು.

ಈಗ ಕಾಲಚಕ್ರ ಇನ್ನೊಂದು ಸುತ್ತು ತಿರುಗಿದೆ. ಐವತ್ತು ಅರವತ್ತು ವರ್ಷಗಳ ಹಿಂದಿನ ಮೋಟಾರು ಕಾರು ಈ ಹೊತ್ತು ತೇರಿನಂತೆಯೇ ಬಾಳುತ್ತಿದೆ. ವರ್ಷದ ಬಹುಭಾಗ ಕೊಟ್ಟಿಗೆಯಲ್ಲಿ ಹೊದಿಕೆಯೊಳಗಿರುತ್ತದೆ. ಹಬ್ಬದ ದಿನದಂಥ ಒಂದು ದಿನ ಮೈ ತೊಳೆಸಿಕೊಂಡು, ಹಿತ್ತಾಳೆ ನಿಕಲ್ಲುಗಳನ್ನು ಹೊಳೆಯಿಸಿಕೊಂಡು ಹೊರಗೆ ಬರುತ್ತದೆ. ಜನ ಸುತ್ತ ನೆರೆಯುತ್ತಾರೆ. ಸಂಜೆಗೆ ಅದು ಮತ್ತೆ ಕೊಟ್ಟಿಗೆ ಸೇರುತ್ತದೆ. ಹಳೆಯ ಕಾರಿನ ಒಡೆಯರು ಪ್ರದರ್ಶನವೊಂದಕ್ಕೆ ತಮ್ಮ ಗಾಡಿಯನ್ನು ಒಯ್ದು ಅಂದೇ ಮರಳುವ ಈ ಸಂಚಾರ ಹಣವಂತರ ಹವ್ಯಾಸವೆಂದು ಹಲವರ ಎಣಿಕೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ನಮ್ಮ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ಅರ್ಥವೊಂದಿದೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಇಂಥ ಸಂಚಾರದ ಮೂಲವನ್ನು ಹುಡುಕಿದರೆ ನಾವು 1896ರ ನವೆಂಬರ್ 14ನೆಯ ದಿನಕ್ಕೆ ಹೋಗಿ ನಿಲ್ಲುತ್ತೇವೆ. ಇಂಗ್ಲೆಂಡಿನಲ್ಲಿ ಅದುವರೆಗೆ ಯಂತ್ರವಾಹನಗಳು ಹಳ್ಳಿಯ ದಾರಿಯಲ್ಲಿ ಗಂಟೆಗೆ ನಾಲ್ಕು ಮೈಲಿಗಿಂತಲೂ, ಊರೊಳಗೆ ಎರಡು ಮೈಲಿಗಿಂತಲೂ ಹೆಚ್ಚು ಓಡಕೂಡದೆಂಬ ಕಟ್ಟಳೆಯಿತ್ತು. ಒಬ್ಬ ಮನುಷ್ಯ ಮುಂದೆ ಮುಂದೆ ನಡೆಯಬೇಕಿತ್ತು. ಆ ವರ್ಷ ಬಂದ ಹೊಸ ಕಾನೂನು ವೇಗವನ್ನು ಹದಿನಾಲ್ಕು ಮೈಲಿಗೆ ಏರಿಸಿತು. ಆ ಸಂತೋಷಕ್ಕಾಗಿ ಮೋಟಾರಿನವರು ಲಂಡನ್ನಿನಿಂದ ಬ್ರೈಟನ್ ಎಂಬ ಕಡಲ ತೀರದ ಊರಿನವರೆಗೆ ಮೆರವಣಿಗೆ ಹೋದರು. 1927ರಲ್ಲಿ ಆ ಪ್ರಯಾಣವನ್ನು ಹಳೆಯ ಗಾಡಿಗಳಿಂದಲೇ ಮತ್ತೆ ಮಾಡಿಸಿದರು. 1905ಕ್ಕೆ ಮೊದಲು ತಯಾರಾದ ಗಾಡಿಗಳ ಆ ಓಟ ಇಂದಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಹಳೆಯ ಕಾರುಗಳ ಓಟವನ್ನು ಆರಂಭಿಸಿತು. ಎರಡು ಕಡೆಯಲ್ಲಿಯೂ ಒಂದು ಅಂಶ ಗಮನಿಸತಕ್ಕದ್ದು. ಗಾಡಿಗಳನ್ನು ಒಂದೆಡೆ ನಿಲ್ಲಿಸಿ ತೋರಿಸಿದ್ದಷ್ಟೇ ಅಲ್ಲ, ಅವುಗಳನ್ನು ದಾರಿಯ ಮೇಲೆ ಓಡಿಸಿದರು.

ದಾರಿಯ ಮಾತು ಬಂದಾಗ ನಮ್ಮ ಜಿಲ್ಲೆಯ ಚರಿತ್ರೆ ಬಹಳ ವಿಚಿತ್ರವಾದುದು. ಭಾರತದ ಎಷ್ಟೋ ಊರುಗಳಿಗೆ ಮೊದಲು ರೈಲು ಬಂತು, ಅದರ ನಿಲ್ದಾಣದಿಂದ ಒಳನಾಡಿಗೆ ಮೋಟಾರು ಹೋಯಿತು. ಉಡುಪಿಯಲ್ಲಿ ಇದು ತಿರುಗುಮುರುಗು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ಅಲ್ಲಿಯೇ ನಿಂತಿತು. ಕೊಂಕಣ ರೈಲ್ವೆಯ ದಾರಿ ತಯಾರಾಗಿ ಉಡುಪಿಗೆ ಮೊದಲ ರೈಲುಗಾಡಿ ಬಂದದ್ದು 1993ರ ಮಾರ್ಚ್ ತಿಂಗಳಲ್ಲಿ. ನಡುವಿನ ಎಂಬತ್ತಾರು ವರ್ಷ, ನಿಲ್ದಾಣವಿದ್ದ ಮಂಗಳೂರಿಗೂ ನಮಗೂ ಇದ್ದ ಅಂತರ ಹದಿನೈದು ಹರಿದಾರಿಯೊಳಗಿನದೇ. ಅಷ್ಟು ಕಾಲ ನಮ್ಮ ಪಾಲಿನ ರೈಲು ಮೋಟಾರೇ ಆಗಿತ್ತು.

ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಬರಿಯ ‘ಸಿ. ಪಿ. ಸಿ.’, ಮಂಗಳೂರಿನಲ್ಲಿ 1914ರಲ್ಲಿ ಸ್ಥಾಪಿತವಾಯಿತು. ಗಾಡಿಗಳ ನೋಂದಣಿಗೂ ಚಾಲಕರ ಪರವಾನಗಿಗೂ ದೇಶಕ್ಕೆಲ್ಲ ಒಂದೇ ನಿಯಮ ಮಾಡಿದ ಮೋಟಾರು ವಾಹನಗಳ ಕಾನೂನು ಹೊರಟದ್ದೂ ಅದೇ ವರ್ಷ. ಕಾನೂನೂ ಕಂಪೆನಿಯೂ ಒಂದೇ ವಯಸ್ಸಿನವೆಂದರೆ, ಈ ಕರಾವಳಿ ಎಷ್ಟು ಬೇಗ ಮೋಟಾರಿಗೆ ಒಲಿಯಿತೆಂಬುದು ತಿಳಿಯುತ್ತದೆ. ಹನುಮಾನ್, ಶಂಕರ ವಿಠಲ ಮುಂತಾದ ಹೆಸರುಗಳು ಆಮೇಲೆ ಸೇರಿಕೊಂಡವು. ಘಟ್ಟದ ಮೇಲಿನ ಮೈಸೂರಿನಲ್ಲಿ 1948ರಲ್ಲಿ ಸರ್ಕಾರವೇ ಸಾರಿಗೆ ಇಲಾಖೆಯನ್ನು ತೆರೆದು ಬಸ್ಸು ಓಡಿಸತೊಡಗಿದಾಗ ಮದರಾಸಿಗೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಖಾಸಗಿಯವರದೇ ಕೈ ಮೇಲಾಗಿತ್ತು. ಇಂದಿಗೂ ಉಡುಪಿಯ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಆ ಪರಂಪರೆಯ ಗುರುತು ಸಿಕ್ಕುತ್ತದೆ.

ಆ ಕಾಲದ ಪ್ರಯಾಣ ಸುಲಭದ್ದೆಂದು ಯಾರೂ ಭಾವಿಸಬಾರದು. ನಮ್ಮದು ಹೊಳೆಗಳ ನಾಡು. ಈಗಿನ ಹೆದ್ದಾರಿಯಲ್ಲಿ ಉಡುಪಿಯಿಂದ ತೆಂಕಣಕ್ಕೆ ಹೊರಟರೆ ಉದ್ಯಾವರದ ಹೊಳೆ, ಮೂಲ್ಕಿಯ ಶಾಂಭವಿ, ಪಾವಂಜೆಯ ನಂದಿನಿ, ಕೂಳೂರಿನ ಫಲ್ಗುಣಿ ಒಂದಾದ ಮೇಲೊಂದು ಅಡ್ಡ ಬರುತ್ತವೆ. ಬಡಗಣಕ್ಕೆ ಹೊರಟರೆ ಸ್ವರ್ಣಾ, ಸೀತಾ, ಆಮೇಲೆ ಕುಂದಾಪುರದ ಹೊಳೆಗಳು. ಸೇತುವೆಯಿಲ್ಲದ ಕಡವಿನಲ್ಲಿ ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಗಾಡಿಯನ್ನು ಏರಿಸಿ, ಗಳು ಹಾಕಿ ದಾಟಿಸುತ್ತಿದ್ದರು. ದಡದ ಮಣ್ಣು ಜಾರದಂತೆ, ಹಲಗೆ ವಾಲದಂತೆ ಒಂದೊಂದೇ ಅಂಗುಲ ಕಾರನ್ನು ಸರಿಸುವ ಡ್ರೈವರನ ಮೇಲೆ ಎಲ್ಲರ ಕಣ್ಣು. ಮೂಡಣಕ್ಕೆ ಹೋದರೆ ಹೊಳೆ ಮುಗಿದು ಘಟ್ಟ ಶುರು. ಆಗುಂಬೆಯ ಹದಿನಾಲ್ಕು ತಿರುವುಗಳು ಇಂದಿನ ಬಲಶಾಲಿ ಗಾಡಿಗಳಿಗೂ ಮರ್ಯಾದೆ ಕಲಿಸುತ್ತವೆ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಉಡುಪಿಗೆ ಬಂದದ್ದು ರಸ್ತೆಯ ಹಾದಿಯಲ್ಲಿಯೇ. ರೈಲು ಬರಲು ಇನ್ನೂ ಐವತ್ತೊಂಬತ್ತು ವರ್ಷ ಕಾಯಬೇಕಿತ್ತು.

ಆ ದಾರಿಗಳಿಗೆ ತಕ್ಕ ಗಾಡಿಗಳೇ ಬಂದವೆಂದು ಹೇಳಬೇಕು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಕಂಪೆನಿಯ ಟಿ ಮಾದರಿ ಎತ್ತರವಾದ ಗಾಲಿಗಳ, ಕೆಸರಿಗೆ ಅಂಜದ ಕಾರು. ಅದರ ಪೆಟ್ರೋಲು ತೊಟ್ಟಿ ಮುಂದಿನ ಆಸನದ ಕೆಳಗಿತ್ತು. ಎಣ್ಣೆಯನ್ನು ಎತ್ತಿಕೊಡುವ ಪಂಪಿರಲಿಲ್ಲ. ಮೇಲಿಂದ ಕೆಳಕ್ಕೆ ತಾನಾಗಿ ಇಳಿದು ಇಂಜಿನ್ನಿಗೆ ಸೇರಬೇಕು. ಕಡಿದಾದ ಏರಿನಲ್ಲಿ ಕಾರಿನ ಮೂಗು ಮೇಲಕ್ಕೆದ್ದು ತೊಟ್ಟಿಯಲ್ಲಿ ಎಣ್ಣೆ ಕಡಿಮೆಯಿದ್ದರೆ ಇಂಜಿನ್ನಿಗೆ ಉಪವಾಸವೇ ಗತಿ. ಅದಕ್ಕೆ ಚಾಲಕರು ಕಂಡುಕೊಂಡ ಉಪಾಯ ಸರಳ: ಗಾಡಿಯನ್ನು ತಿರುಗಿಸಿ ಹಿಂದುಮುಂದಾಗಿ ಗುಡ್ಡ ಹತ್ತಿಸುವುದು! 1926ರಲ್ಲಿ ಫೋರ್ಡ್, 1928ರಲ್ಲಿ ಜನರಲ್ ಮೋಟಾರ್ಸ್ ಭಾರತಕ್ಕೆ ಬಂದು ಬಿಡಿಭಾಗಗಳನ್ನು ತರಿಸಿ ಇಲ್ಲಿಯೇ ಜೋಡಿಸತೊಡಗಿದ ಮೇಲೆ ಫೋರ್ಡ್ ಶೆವರ್ಲೆಗಳು ಸಣ್ಣ ಪೇಟೆಗಳಿಗೂ ಪರಿಚಿತವಾದವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿ ಬಂದಾಗ ಗಾಡಿಯ ಬೆನ್ನಿಗೆ ಒಲೆಯೊಂದನ್ನು ಕಟ್ಟಿ, ಇದ್ದಿಲು ಸುಟ್ಟು ಬಂದ ಅನಿಲದಿಂದ ಬಸ್ಸು ಓಡಿಸಿದರು. ಬೆಳಗಾಗುವ ಮೊದಲೇ ಎದ್ದು ಆ ಒಲೆಗೆ ಗಾಳಿ ಹಾಕುವುದು ಕ್ಲೀನರ್ ಹುಡುಗನ ಪಾಲಿನ ಕೆಲಸ.

ಸ್ವದೇಶದ ಕಾರಿನ ಕನಸಿನಲ್ಲಿ ಕನ್ನಡ ನಾಡಿನ ಪಾಲೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು ಭಾರತದಲ್ಲಿ ಅಂಥದೊಂದನ್ನು ಕಟ್ಟಲು ಯೋಜನೆ ಹಾಕಿದರು. ವಾಲಚಂದ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಆಳುವ ಸರ್ಕಾರದ ಬೆಂಬಲ ದೊರೆಯಲಿಲ್ಲ. ಕೊನೆಗೆ ವಾಲಚಂದರ ಪ್ರೀಮಿಯರ್ ಕಾರ್ಖಾನೆ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು; ಫಿಯೆಟ್ ಅಲ್ಲಿಂದ ಬಂತು. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್‌ನಿಂದ 1957ರಲ್ಲಿ ಅಂಬಾಸಡರ್ ಹೊರಬಿತ್ತು, 2014ರವರೆಗೂ ಬಂತು. ಫಿಯೆಟ್, ಅಂಬಾಸಡರ್ ಎಂಬ ಎರಡು ಹೆಸರು ಹೇಳಿದರೆ ನಮ್ಮ ಪಟ್ಟಣಗಳ ಮೂವತ್ತು ವರ್ಷದ ಮದುವೆ, ಮುಂಜಿ, ಹೆರಿಗೆ, ಆಸ್ಪತ್ರೆಗಳ ಕತೆಯೆಲ್ಲ ಅದರಲ್ಲಿ ಬಂತು.

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಒಂದು ಸಂಚಾರವನ್ನು ಕಲ್ಪಿಸಿಕೊಳ್ಳೋಣ. ಕಾಪುವಿನ ಗೃಹಸ್ಥರೊಬ್ಬರ ಬಳಿ 1950ರ ದಶಕದ ಒಂದು ಚಿಕ್ಕ ಮಾರಿಸ್ ಕಾರಿದೆಯೆನ್ನೋಣ. ಮಣಿಪಾಲದಲ್ಲಿ ಪ್ರದರ್ಶನ. ಹೆದ್ದಾರಿ ಹಿಡಿದರೆ ಕಟಪಾಡಿ, ಉದ್ಯಾವರ, ಉಡುಪಿಯ ಮೇಲಾಗಿ ಅರ್ಧ ಗಂಟೆಯ ದಾರಿ. ಆದರೆ ಹೆದ್ದಾರಿಯ ಲಾರಿಗಳ ನಡುವೆ ಮುದಿ ಗಾಡಿಗೆ ನೆಮ್ಮದಿಯಿಲ್ಲ. ಅವರು ಒಳದಾರಿ ಹಿಡಿದು ಶಿರ್ವ, ಬೆಳ್ಮಣ್, ನಿಟ್ಟೆಯ ಮೇಲಾಗಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಬೈಲೂರು, ಹಿರಿಯಡಕ, ಪರ್ಕಳ ದಾಟಿ ಮಣಿಪಾಲದ ಗುಡ್ಡವೇರುತ್ತಾರೆ. ಸಂಜೆ ಉಡುಪಿಯ ಮೇಲೆ ಇಳಿದು ಮನೆ ಸೇರಿದರೂ ಒಟ್ಟು ದಾರಿ ನೂರು ಕಿಲೋಮೀಟರಿನೊಳಗೆ.

ಆ ಮುಂಜಾನೆಯ ಸಿದ್ಧತೆಯನ್ನು ನೋಡಿದರೆ ಇದು ಮೋಜಲ್ಲ, ಒಂದು ವಿದ್ಯೆಯೆಂಬುದು ತಿಳಿಯುತ್ತದೆ. ಕಡಲಿನ ಉಪ್ಪುಗಾಳಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ನಾಲ್ಕು ತಿಂಗಳ ಮಳೆ ಬಾಗಿಲಿನ ಅಡಿಯಲ್ಲಿ, ನೆಲಹಾಸಿನ ಕೆಳಗೆ ತೇವವನ್ನು ಬಿಟ್ಟು ಹೋಗಿರುತ್ತದೆ. ಸಂಚಾರಕ್ಕೆ ಚಳಿಗಾಲವೇ ಸಮಯ. ರೇಡಿಯೇಟರಿಗೆ ನೀರು, ಜೊತೆಗೊಂದು ಡಬ್ಬಿ ನೀರು. ಫ್ಯಾನ್ ಬೆಲ್ಟ್, ಪ್ಲಗ್ಗು, ಒಂದು ತುಂಡು ತಂತಿ. ಬ್ಯಾಟರಿ ಕೈಕೊಟ್ಟರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಅದಕ್ಕೂ ಒಂದು ಹದವಿದೆ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು. ಇಂಜಿನ್ನು ಹಿಂದಕ್ಕೆ ಒದೆದರೆ ಹಿಡಿಗೆ ಅಡ್ಡವಾಗಿ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಇಂದಿನ ಪೆಟ್ರೋಲು ಕೂಡ ಅಂದಿನದಲ್ಲ. ಸೀಸದ ಪೆಟ್ರೋಲು 2000ದ ಹೊತ್ತಿಗೆ ನಿಂತಿತು. ಈಗ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿದೆ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಇವನ್ನೆಲ್ಲ ಬಲ್ಲ ಮೆಕ್ಯಾನಿಕ್ಕುಗಳು ಇಂದು ಎಷ್ಟು ಮಂದಿ? ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಹಿರಿಯರು ಗ್ಯಾರೇಜುಗಳಿಂದ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.

ಇನ್ನು ದಾರಿಯನ್ನು ನೋಡಿ. ಹೊರಡುವಾಗ ಬೆನ್ನ ಹಿಂದೆ ಕಾಪುವಿನ ದೀಪಸ್ತಂಭ. ಬಂಡೆಯ ಮೇಲೆ ಅದು ಎದ್ದದ್ದು 1901ರಲ್ಲಿ, ಸಿ. ಪಿ. ಸಿ.ಗಿಂತ ಹದಿಮೂರು ವರ್ಷ ಮೊದಲು. ಆಗ ದೂರದ ಪ್ರಯಾಣವೆಂದರೆ ಕಡಲಿನ ಹಾದಿ, ಬೆಳಕು ಬೇಕಾದದ್ದು ಹಡಗಿಗೆ. ಕಾರ್ಕಳದಲ್ಲಿ ಗುಡ್ಡದ ಮೇಲೆ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಗೋಮಟೇಶ್ವರ. ನಲವತ್ತೊಂದು ಅಡಿಗೂ ಮಿಕ್ಕಿದ ಆ ಮೂರ್ತಿಯನ್ನು ಬೇರೆಡೆ ಕಡೆದು, ಇಪ್ಪತ್ತು ಗಾಡಿಗಳನ್ನು ಸಾಲಾಗಿ ಜೋಡಿಸಿ ಮೇಲಕ್ಕೆ ಎಳೆದು ತಂದರೆಂದು ಪ್ರತೀತಿ. ಸಂಖ್ಯೆ ಹೇಗೇ ಇರಲಿ, ಭಾರವನ್ನು ಗಾಲಿಯ ಮೇಲಿಟ್ಟು ಏರು ಹತ್ತಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲವೆಂಬುದಕ್ಕೆ ಆ ಕಲ್ಲೇ ಸಾಕ್ಷಿ. ಮುಂದೆ ಪರ್ಕಳದಿಂದ ಮಣಿಪಾಲಕ್ಕೆ ಏರು. ಹಳೆಯ ಕಾರು ಎರಡನೆಯ ಗೇರಿಗೆ ಇಳಿದು ನಿಧಾನವಾಗಿ ಹತ್ತುವಾಗ ಒಳಗಿದ್ದವರಿಗೆ ಗುಡ್ಡದ ಎತ್ತರ ಮೈಗೆ ತಿಳಿಯುತ್ತದೆ. ಹೊಸ ಕಾರಿನಲ್ಲಿ ಅದೇ ಏರು ಗಮನಕ್ಕೇ ಬರುವುದಿಲ್ಲ. ನಮ್ಮ ಹಿಂದಿನವರಿಗೆ ಈ ನಾಡು ಎಷ್ಟು ದೊಡ್ಡದಾಗಿತ್ತೆಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಈ ಎರಡನೆಯ ಗೇರು ತಿಳಿಸೀತು.

ಈ ಸಂಚಾರಕ್ಕೆ ಈಗ ಕಾನೂನಿನ ಒಂದು ಹೊಸ ಮುಖ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ ‘ವಿಂಟೇಜ್’ ಗಾಡಿಗೆ ಮೊದಲ ಬಾರಿ ಲಕ್ಷಣ ಹೇಳಲಾಯಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದಿರಬೇಕು. ಚಾಸಿ, ಮೈಕಟ್ಟು, ಇಂಜಿನ್ನುಗಳು ಮೂಲದಂತೆಯೇ ಇರಬೇಕು. ಹೊಸದಾಗಿ ನೋಂದಾಯಿಸಲು ಇಪ್ಪತ್ತು ಸಾವಿರ ರೂಪಾಯಿ; ಹತ್ತು ವರ್ಷದ ಪ್ರಮಾಣಪತ್ರ. ಹೊಸ ಸಂಖ್ಯೆಯಲ್ಲಿ ‘ವಿ ಎ’ ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಮುಖ್ಯವಾದ ಮಾತು ಮುಂದಿದೆ. ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ಓಟ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ: ಇವಿಷ್ಟಕ್ಕೆ ಅಪ್ಪಣೆ.

ಎಂದರೆ ಒಂದು ಕಾಲಕ್ಕೆ ಈ ನಾಡಿನ ದಾರಿಗಳನ್ನು ತೆರೆದ ಗಾಡಿ, ಇಂದು ವಿಂಟೇಜ್ ಎಂಬ ಮನ್ನಣೆ ಪಡೆದ ಮೇಲೆ, ದಾರಿಗೆ ಬರಬೇಕಾದರೆ ಪ್ರದರ್ಶನದ ನೆಪ ಬೇಕು. ಕಾನೂನನ್ನು ದೂರುವಂತಿಲ್ಲ. ಹೊಗೆ, ಸುರಕ್ಷತೆಗಳ ವಿಚಾರದಲ್ಲಿ ಸರ್ಕಾರ ಎಚ್ಚರದಿಂದಿರುವುದು ಯುಕ್ತವೇ. ಇದ್ದ ಗಾಡಿಗಳನ್ನು ಗುಜರಿಗೆ ಹೋಗದಂತೆ ತಡೆದದ್ದಕ್ಕೆ ಅದಕ್ಕೆ ಕೃತಜ್ಞರಾಗಿರಬೇಕು. ಆದರೆ ಒಂದು ಕಂದಕ ಉಳಿದಿದೆ. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಪರೀಕ್ಷೆ ಮಾಡಿಸಿ ಹೊಸದಾಗಿಸಬೇಕು. ಇದರ ಶುಲ್ಕ 2022ರ ಏಪ್ರಿಲಿನಲ್ಲಿ ಆರು ನೂರರಿಂದ ಐದು ಸಾವಿರಕ್ಕೆ ಏರಿತು. ಹದಿನೈದಕ್ಕೆ ಮುಪ್ಪು, ಐವತ್ತಕ್ಕೆ ಪೂಜ್ಯತೆ. ನಡುವಿನ ಮೂವತ್ತೈದು ವರ್ಷ ಕಾರಿಗೆ ಯಾವ ಮನ್ನಣೆಯೂ ಇಲ್ಲ. 1908ರ ಫೋರ್ಡನ್ನು ಕಾಪಾಡಲು ಅರಮನೆಯವರೂ ಶ್ರೀಮಂತರೂ ಇದ್ದಾರೆ. 1990ರ ಅಂಬಾಸಡರಿಗೆ ಗೌರವ ಸಿಗುವುದು 2040ರಲ್ಲಿ. ಅಲ್ಲಿಯವರೆಗೆ ಅದನ್ನು ಇಟ್ಟುಕೊಳ್ಳುವವರು ಯಾರು? ಹೆಚ್ಚು ಜನ ಹತ್ತಿದ ಗಾಡಿಯೇ ಮೊದಲು ಅಳಿಯುತ್ತದೆ. ಚರಿತ್ರೆಯಲ್ಲಿ ಇದು ಹೊಸತಲ್ಲ. ಅರಸನ ಕತ್ತಿ ಉಳಿಯುತ್ತದೆ, ರೈತನ ನೇಗಿಲು ಒಲೆಗೆ ಹೋಗುತ್ತದೆ.

ಹಳೆಯದನ್ನು ಕಾಪಾಡುವ ವಿಷಯದಲ್ಲಿ ನಮ್ಮ ಕರಾವಳಿ ಹಿಂದುಳಿದಿಲ್ಲ. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಹಳೆಯ ಕಾರುಗಳ ಸಂಗ್ರಹ ಪ್ರಸಿದ್ಧವಾಗಿದೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಹೆಸರಿನಲ್ಲಿ ಅಂಥದೇ ಇನ್ನೊಂದು ತೆರೆದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಮಾಡುಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಆದರೆ ಮನೆಗೂ ಮೋಟಾರಿಗೂ ಒಂದು ಭೇದವಿದೆ. ಮನೆ ನಿಂತಿದ್ದರೆ ಮನೆಯೇ. ಮೋಟಾರು ನಿಂತರೆ ಎಣ್ಣೆ ಅಂಟಾಗುತ್ತದೆ, ಬ್ರೇಕು ಹಿಡಿದುಕೊಳ್ಳುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಅದಕ್ಕೂ ಮಿಗಿಲಾಗಿ, ಓಡಿಸಬಲ್ಲ ಕೈಗಳು ಕೆಲಸ ಮರೆಯುತ್ತವೆ. ಉಡುಪಿಯ ತೇರುಗಳು ಇಷ್ಟು ಕಾಲ ಗಟ್ಟಿಯಾಗಿ ಉಳಿದದ್ದು ಹೇಗೆ? ಅವನ್ನು ಎಳೆಯುತ್ತಾರೆ, ಅದರಿಂದ. ಮಕರ ಸಂಕ್ರಾಂತಿಗೆ ಮೂರು ತೇರು ಹೊರಡಬೇಕೆಂಬ ನಿಯಮವಿರುವುದರಿಂದ ಅಚ್ಚನ್ನು ನೋಡುವ ಬಡಗಿ ಬೇಕು, ಹಗ್ಗವನ್ನು ಪರೀಕ್ಷಿಸುವವನು ಬೇಕು, ಗಾಲಿಗೆ ಅಡ್ಡಮರ ಕೊಡುವ ಅನುಭವಸ್ಥ ಬೇಕು. ಉತ್ಸವ ತೇರನ್ನು ಮಾತ್ರವಲ್ಲ, ಆ ವಿದ್ಯೆಯನ್ನೂ ಉಳಿಸಿದೆ. ಹಳೆಯ ಕಾರಿಗೆ ಒಂದು ದಿನದ ಸಂಚಾರ ಮಾಡಬಹುದಾದ ಉಪಕಾರ ಇದೇ.

ಆದ್ದರಿಂದ ಪ್ರದರ್ಶನ ನಡೆಸುವವರಲ್ಲಿ ಒಂದೆರಡು ವಿನಂತಿಗಳಿವೆ. ಗಾಡಿಗಳನ್ನು ಲಾರಿಯ ಮೇಲೇರಿಸಿ ತಂದು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರೆ ಸಾಲದು. ಸಾಧ್ಯವಾದವುಗಳನ್ನು ಹಳೆಯ ದಾರಿಯಲ್ಲಿ ಓಡಿಸಿ ತರಲಿ. ಹೊಳಪಿಗೆ ಬಹುಮಾನ ಕೊಡುವಂತೆ ಚರಿತ್ರೆಗೂ ಒಂದು ಬಹುಮಾನವಿರಲಿ. ಕಾರಿನ ಸಂಖ್ಯಾಫಲಕ ಒಂದು ಚಿಕ್ಕ ಶಾಸನ. 1956ರ ನವೆಂಬರ್ 1ಕ್ಕೆ ಮೊದಲಿನದಾದರೆ ಮದರಾಸಿನ ಅಕ್ಷರ, ಆಮೇಲೆ ಮೈಸೂರಿನ ‘ಎಂ ವೈ’, ಈಗ ಉಡುಪಿಯ ‘ಕೆಎ 20’. ಒಂದು ಜಿಲ್ಲೆಯ ಆಡಳಿತದ ಕತೆ ಮೂರು ತಗಡಿನಲ್ಲಿದೆ. ಈ ಗಾಡಿಯನ್ನು ಯಾರು ಕೊಂಡರು, ಯಾವ ದಾರಿಯಲ್ಲಿ ಓಡಿತು, ಡ್ರೈವರು ಯಾರು, ದುರಸ್ತಿ ಮಾಡಿದವರು ಯಾರು ಎಂಬುದನ್ನು ಒಂದು ಪುಟದಲ್ಲಿ ಬರೆದು ಗಾಜಿನ ಮೇಲೆ ಅಂಟಿಸಿದರೆ ನೋಡುವ ಮಕ್ಕಳಿಗೆ ಅದೇ ಪಾಠ. 1990ರ ಅಂಬಾಸಡರಿಗೂ ಅಲ್ಲಿ ಒಂದು ಜಾಗ ಕೊಡಲಿ.

ಇನ್ನೊಂದು ಮಾತು ವಿದ್ಯಾಸಂಸ್ಥೆಗಳಿಗೆ. ನಾವು ಕಲ್ಪಿಸಿದ ದಾರಿಯಲ್ಲಿಯೇ ನಿಟ್ಟೆಯಲ್ಲಿ 1986ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿದೆ, ಕೊನೆಯಲ್ಲಿ 1957ರ ಮಣಿಪಾಲದ ಕಾಲೇಜಿದೆ. ಯಂತ್ರಶಾಸ್ತ್ರದ ವಿದ್ಯಾರ್ಥಿಗಳೂ ನಮ್ಮಂಥ ಕನ್ನಡ, ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳೂ ಜೊತೆಯಾಗಿ ಊರೂರಿನ ಹಳೆಯ ಮೆಕ್ಯಾನಿಕ್ಕುಗಳ, ಡ್ರೈವರುಗಳ ಮುಂದೆ ಕುಳಿತು ಅವರ ಮಾತನ್ನು ಬರೆದುಕೊಳ್ಳಬಹುದು. ಕಡವಿನಲ್ಲಿ ಕಾರು ದಾಟಿಸಿದವರ ನೆನಪು, ಇದ್ದಿಲಿನ ಒಲೆಗೆ ಗಾಳಿ ಹಾಕಿದವರ ನೆನಪು ಈಗ ಹೆಚ್ಚುಕಡಿಮೆ ಅವರ ಮಕ್ಕಳಲ್ಲಿ ಉಳಿದಿರುವಷ್ಟೇ. ಫಿಯೆಟ್, ಅಂಬಾಸಡರುಗಳ ಕಾಲದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೂ ವಯಸ್ಸಾಗುತ್ತಿದೆ. ಗಾಡಿಗೆ ಐವತ್ತಾಗುವವರೆಗೆ ಕಾಯಲು ಕಾನೂನಿಗೆ ಸಮಯವಿದೆ, ಅದನ್ನು ಓಡಿಸಿದವರ ಮಾತಿಗೆ ಅಷ್ಟು ಸಮಯವಿಲ್ಲ. ಬರುವ ಚಳಿಗಾಲದ ಪ್ರದರ್ಶನಕ್ಕೆ ಹೋಗುವವರು ಕಾರಿನ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಂಡ ಮೇಲೆ, ಅದನ್ನು ಓಡಿಸಿ ತಂದವರನ್ನೂ ಸರಿಪಡಿಸಿ ಕಳುಹಿಸಿದವರನ್ನೂ ಎರಡು ಮಾತು ಕೇಳಿ ಬರೆದಿಟ್ಟುಕೊಂಡರೆ ಕೆಲಸ ಅಲ್ಲಿಂದಲೇ ಶುರುವಾದಂತೆ.